ಮೊದಲು ಉಸಿರು ಬಿಡೋದು ಕಲೀರಿ, ಈಜಿನ ಸ್ಟ್ರೋಕ್ ಆಮೇಲೆ ಬರುತ್ತೆ

ಬೇಸಿಗೆ ರಜೆ ಹತ್ರ ಬರ್ತಿದ್ದ ಹಾಗೆ ಈಜಿನ ಬಗ್ಗೆ ಪತ್ರಗಳು ಜಾಸ್ತಿ ಆಗಿವೆ. ಎಲ್ಲದಕ್ಕೂ ಉತ್ತರ ಬರೆಯೋಕೆ ಜಾಗ ಸಾಲಲ್ಲ, ಹಾಗಾಗಿ ತುಂಬ ಜನ ಕೇಳಿರೋ ಪ್ರಶ್ನೆಗಳನ್ನ ಆರಿಸ್ಕೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದಾರೆ, ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 46 ವರ್ಷ, ಬ್ಯಾಂಕಲ್ಲಿ ಕೆಲಸ. ಬೆಳಗ್ಗೆ ಲೇಡೀಸ್ ಬ್ಯಾಚಿಗೆ ಸೇರಿ ಒಂದು ತಿಂಗಳಾಯ್ತು. ಕಿಕ್ ಬೋರ್ಡ್ (ತೇಲೋ ಹಲಗೆ) ಹಿಡ್ಕೊಂಡ್ರೆ ಆರಾಮಾಗಿ ಆ ಕಡೆ ಮುಟ್ತೀನಿ. ಬೋರ್ಡ್ ಬಿಟ್ಟು ಫ್ರೀಸ್ಟೈಲ್ (ಬೋರಲಾಗಿ ಒಂದಾದ ಮೇಲೊಂದು ಕೈ ಬೀಸೋ ಈಜು) ಶುರು ಮಾಡಿದ್ರೆ ಹತ್ತು ಮೀಟರ್ ಹೋಗೋಷ್ಟರಲ್ಲಿ ಏದುಸಿರು ಬಂದು ನಿಂತುಬಿಡ್ತೀನಿ. ಕೋಚ್ ಕೇಳಿದ್ರೆ ನಿಮಗೆ ಸ್ಟ್ಯಾಮಿನಾ ಇಲ್ಲ ಅಂತಾರೆ. ದಿನಾ ಒಂದು ಗಂಟೆ ವಾಕ್ ಮಾಡೋಳು ನಾನು. ಈ ವಯಸ್ಸಲ್ಲಿ ಇನ್ನು ಆಗಲ್ವಾ? (ಬಸವನಗುಡಿ)

ಆಗತ್ತೆ, ಖಂಡಿತ ಆಗತ್ತೆ. ಮತ್ತೆ ಇದು ಸ್ಟ್ಯಾಮಿನಾ ತೊಂದ್ರೆ ಅಲ್ಲ. ಒಂದು ಗಂಟೆ ನಡೆಯೋರಿಗೆ ಹತ್ತು ಮೀಟರಿಗೆ ದಮ್ಮು ಕಟ್ಟತ್ತೆ ಅಂದ್ರೆ ಅದು ಉಸಿರಾಡೋ ಕ್ರಮದಲ್ಲಿರೋ ತೊಂದ್ರೆ, ಹೃದಯದ್ದೂ ಅಲ್ಲ ವಯಸ್ಸಿಂದೂ ಅಲ್ಲ. ನೀವು ಮುಖ ನೀರೊಳಗೆ ಇಟ್ಟಾಗ ಉಸಿರು ಬಿಗಿ ಹಿಡೀತೀರ, ಮುಖ ಮೇಲೆ ತಿರುಗಿಸಿದ ಆ ಅರ್ಧ ಸೆಕೆಂಡಲ್ಲಿ ಹಳೇ ಗಾಳಿ ಬಿಟ್ಟು ಹೊಸ ಗಾಳಿ ತಗೊಳ್ಳೋಕೆ ನೋಡ್ತೀರ, ಎರಡಕ್ಕೂ ಟೈಮ್ ಸಾಲಲ್ಲ, ಹಳೇ ಗಾಳಿ ಒಳಗೇ ಉಳಿಯತ್ತೆ, ಅದರ ಮೇಲೆ ಸ್ವಲ್ಪ ಹೊಸದು ಸೇರತ್ತೆ. ಮೂರ್ನಾಲ್ಕು ಸಲ ಹೀಗಾದ್ರೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರತ್ತೆ. ಉಸಿರು ಬೇಕು ಬೇಕು ಅಂತ ಎದೆ ಹೊಡ್ಕೊಳ್ಳೋದು ಮುಖ್ಯವಾಗಿ ಈ ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ, ಆಕ್ಸಿಜನ್ ಖಾಲಿಯಾಗಿದ್ದಕ್ಕಲ್ಲ. ನಿಮಗಾಗ್ತಿರೋದು ಅದೇ.

ನಾಳೆಯಿಂದ ಹೀಗೆ ಮಾಡಿ. ಎದೆಮಟ್ಟ ನೀರಲ್ಲಿ ಗೋಡೆ ಹಿಡ್ಕೊಂಡು ನಿಂತು ಮುಖ ಮುಳುಗಿಸಿ, ಬಾಯಿ ಮುಚ್ಚಿ ಮೂಗಿಂದ 'ಮ್‌ಮ್‌ಮ್' ಅಂತ ಸಣ್ಣಗೆ ಗುನುಗ್ತಾ ಇರಿ. ಗುನುಗ್ತಿದೀರ ಅಂದ್ರೆ ಗಾಳಿ ಹೊರಗೆ ಹೋಗ್ತಿದೆ ಅಂತ ಅರ್ಥ, ಮೂಗಿಗೆ ನೀರೂ ನುಗ್ಗಲ್ಲ. ಕೊನೆಗೆ ಬಾಯಿಂದಲೂ ಜೋರಾಗಿ ಬಿಟ್ಟು ಮುಖ ಪಕ್ಕಕ್ಕೆ ತಿರುಗಿಸಿ, ಬಾಯಿಂದ ಒಂದು ಉಸಿರು ತಗೊಂಡು ವಾಪಸ್. ಎತ್ತಬಾರದು, ತಿರುಗಿಸ್ಬೇಕು: ಒಂದು ಕಿವಿ ನೀರಲ್ಲೇ ಇರ್ಬೇಕು, ಒಂದು ಗಾಗಲ್ಸ್ ಗಾಜು ನೀರೊಳಗೆ, ಇನ್ನೊಂದು ಹೊರಗೆ. ಇದನ್ನ ನಿಂತಲ್ಲೇ ಇಪ್ಪತ್ತು ಸಲ ಗಾಬರಿ ಇಲ್ಲದೆ ಮಾಡೋಕೆ ಬಂದ ಮೇಲೆ ಕಿಕ್ ಸೇರಿಸಿ, ಆಮೇಲೆ ಒಂದು ಕೈ, ಆಮೇಲೆ ಎರಡೂ ಕೈ. ನಾನು ಪೂಲ್ ಅಂಚಲ್ಲಿ ನಿಂತಾಗ ಹೊಸಬರ ಕೈ ಕಾಲು ನೋಡೋಕೆ ಹೋಗಲ್ಲ, ಗುಳ್ಳೆ ನೋಡ್ತೀನಿ. ಮುಖದ ಮುಂದೆ ಒಂದೇ ಸಮ ಸಣ್ಣ ಗುಳ್ಳೆ ಬರ್ತಿದ್ರೆ ಅವರು ಇನ್ನೊಂದು ವಾರದಲ್ಲಿ ಪೂರ್ತಿ ಲ್ಯಾಪ್ ಹೊಡೀತಾರೆ ಅಂತ ಗೊತ್ತಾಗಿಬಿಡತ್ತೆ. ಗುಳ್ಳೇನೇ ಇಲ್ಲದೆ ಕೈ ಮಾತ್ರ ಬಡೀತಿದ್ರೆ ಕೈ ಎಷ್ಟು ಚೆನ್ನಾಗಿ ಹಾಕಿದ್ರೂ ಅರ್ಧದಲ್ಲಿ ನಿಲ್ತಾರೆ.

ಇನ್ನೊಂದು, ನೀವು ಎಲ್ಲಿ ನೋಡ್ತೀರ ಅನ್ನೋದು. ಎದುರು ಗೋಡೆ ಎಷ್ಟು ದೂರ ಇದೆ ಅಂತ ನೋಡ್ತಾ ಇದ್ರೆ ತಲೆ ಮೇಲಾಗತ್ತೆ, ತಲೆ ಮೇಲಾದ್ರೆ ಸೊಂಟ ಕಾಲು ಕೆಳಗೆ ಹೋಗತ್ತೆ, ಕಾಲು ಕೆಳಗೆ ಹೋದ್ರೆ ಮೈಯೆಲ್ಲ ನೀರಿಗೆ ಅಡ್ಡ ನಿಲ್ಲತ್ತೆ, ಆಗ ಮುಂದೆ ಹೋಗೋಕೆ ಕಾಲು ಜೋರಾಗಿ ಬಡೀತೀರ. ತೊಡೆಯದ್ದು ದೊಡ್ಡ ಸ್ನಾಯು, ಅದು ಆಕ್ಸಿಜನ್ ಸಿಕ್ಕಾಪಟ್ಟೆ ಕೇಳತ್ತೆ. ತಳದ ಕಪ್ಪು ಗೆರೆ ನೋಡ್ಕೊಂಡು ಹೋಗಿ, ಕಿಕ್ ಸೊಂಟದಿಂದ ಬರಲಿ, ಪಾದ ಸಡಿಲ ಇರಲಿ, ಅರ್ಧಕ್ಕರ್ಧ ನಿಧಾನ ಮಾಡಿ. ಲೇನಲ್ಲಿ ಪಕ್ಕದವರು ಮುಂದೆ ಹೋದ್ರೆ ಹೋಗಲಿ ಬಿಡಿ.

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. 21 ದಿನದ ಸಮ್ಮರ್ ಕ್ಯಾಂಪಲ್ಲಿ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ನಾಲ್ಕೂ ಸ್ಟ್ರೋಕ್ ಕಲಿಸ್ತೀವಿ ಅಂದಿದ್ರು, ಸೇರಿಸಿದ್ವಿ. ಮೂರನೇ ದಿನ ಡೀಪ್ ಎಂಡಿಗೆ ತಳ್ಳಿದಾರೆ, ಈಗ ಪೂಲ್ ಅಂದ್ರೆ ಅಳ್ತಾಳೆ. ಹಾಗೆ ತಳ್ಳಿದ್ರೇನೇ ಭಯ ಹೋಗೋದು, ನಾವೆಲ್ಲ ಹಾಗೇ ಕಲಿತಿದ್ದು ಅಂತ ಮನೆಯಲ್ಲೂ ಹೇಳ್ತಾರೆ. ಬಲವಂತ ಮಾಡಿ ಕಳಿಸ್ಬೇಕಾ? (ವಿಜಯನಗರ)

ಆ ಬ್ಯಾಚಿಗೆ ಕಳಿಸ್ಬೇಡಿ. ಈಜು ಬಿಡಿಸ್ಬೇಡಿ, ಬ್ಯಾಚ್ ಬಿಡಿಸಿ.

ತಳ್ಳಿಸ್ಕೊಂಡು ಕಲಿತವರು ಹಾಗೇ ಕಲಿತ್ವಿ ಅಂತ ಹೇಳ್ಕೋತಾರೆ, ತಳ್ಳಿಸ್ಕೊಂಡು ಆಮೇಲೆ ಜೀವಮಾನ ಪೂರ್ತಿ ನೀರಿಗೆ ಇಳಿಯದೇ ಇದ್ದವರು ಏನೂ ಹೇಳಲ್ಲ. ನನ್ನ ದೊಡ್ಡವರ ಬ್ಯಾಚಿಗೆ ಬರೋ ಎಷ್ಟೋ ಜನ ಇಂಥವರೇ, ನಲವತ್ತು ವರ್ಷ ಆದ್ರೂ ಆ ಒಂದು ದಿನ ಅವರಿಗೆ ಮರೆತಿಲ್ಲ. ನಮ್ಮ ಬೆಂಗಳೂರಿನ ಒಲಿಂಪಿಯನ್, 2000ದ ಸಿಡ್ನಿ ಒಲಿಂಪಿಕ್ಸಲ್ಲಿ ಈಜಿದ ನಿಶಾ ಮಿಲೆಟ್ ಇದಾರಲ್ಲ, ಅವರೂ ಚಿಕ್ಕವಳಿದ್ದಾಗ ನೀರಲ್ಲಿ ಮುಳುಗೋ ಹಾಗಾಗಿತ್ತು, ಆಮೇಲೆ ಅವರ ಅಪ್ಪನೇ ನಿಂತು ಈಜು ಕಲಿಸಿದ್ದು. ನಿಮ್ಮ ಮಗಳ ಜೊತೆ ನೀವೂ ಶ್ಯಾಲೋ ಪೂಲಿಗೆ ಇಳೀರಿ. ಒಂದಷ್ಟು ದಿನ ಬರೀ ಆಟ: ಮುಖ ತೊಳ್ಕೊಳ್ಳೋದು, ಗುಳ್ಳೆ ಬಿಡೋದು, ತಳದಲ್ಲಿರೋ ರಿಂಗ್ ಎತ್ಕೊಂಡು ಬರೋದು. ನೀರು ನನ್ನನ್ನ ಮೇಲೆ ಎತ್ತತ್ತೆ ಅಂತ ಅವಳಿಗೇ ಗೊತ್ತಾಗ್ಲಿ.

21 ದಿನಕ್ಕೆ ನಾಲ್ಕು ಸ್ಟ್ರೋಕ್ ಅನ್ನೋದನ್ನ ನಾನಂತೂ ಒಪ್ಪಲ್ಲ. ಬಟರ್‌ಫ್ಲೈ ಒಂದನ್ನೇ ತಗೊಳ್ಳಿ, ಒಂದು ಸಲ ಕೈ ಬೀಸೋದಕ್ಕೆ ಎರಡು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒದೆಯೋದು) ಕೂಡ್ಬೇಕು, ಅದು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ ಹರೀಬೇಕು, ಅದು ಕೂಡಿ ಬರೋಕೆ ತಿಂಗಳುಗಟ್ಟಲೆ ಬೇಕು. ಏಳು ವರ್ಷದ ಮಗು ಮೂರು ವಾರದಲ್ಲಿ ಕಲೀಬೇಕಾಗಿರೋದು ಬೇರೆನೇ: ಬೋರಲಾಗಿ ತೇಲೋದು, ಅಂಗಾತ ತೇಲೋದು, ಬೋರಲಿಂದ ಅಂಗಾತಕ್ಕೆ ಹೊರಳೋದು, ಗೋಡೆ ಒದ್ದು ಗ್ಲೈಡ್ ಹೋಗೋದು (ಸುಮ್ಮನೆ ಜಾರ್ಕೊಂಡು ಹೋಗೋದು), ಅಂಚಿಂದ ನೀರಿಗೆ ಹಾರಿ ಮೇಲೆ ಬಂದು ತಿರುಗಿ ಅದೇ ಗೋಡೆ ಹಿಡಿಯೋದು. ಈ ಕೊನೇದು ಬಂದ್ರೆ ಆ ಮಗು ಕಾಲು ಜಾರಿ ಬಿದ್ದಾಗ ಬದುಕ್ಕೊಳ್ಳೋಕೆ ಒಂದು ದಾರಿ ಸಿಕ್ತು. ಚೆಂದದ ಫ್ರೀಸ್ಟೈಲ್ ಬಂದು ಇದು ಬರದೇ ಇದ್ರೆ ಕಲಿತಿದ್ದು ಸಾಲದು.

ಹೊಸ ಕ್ಲಾಸ್ ಹುಡುಕುವಾಗ ಫೀಸ್ ಕೇಳೋಕೆ ಮುಂಚೆ ಒಂದು ಬ್ಯಾಚ್ ಪೂರ್ತಿ ಕೂತು ನೋಡಿ. ಕಲಿಸೋ ಕೋಚ್ ಬೇರೆ, ಕಾಯೋ ಲೈಫ್‌ಗಾರ್ಡ್ ಬೇರೆ ಇರ್ಬೇಕು, ಕೋಚ್ ಒಬ್ಬ ಹುಡುಗನ ಕೈ ತಿದ್ದುವಾಗ ಬಾಕಿ ಹುಡುಗರನ್ನ ಯಾರು ನೋಡ್ತಿದಾರೆ ಅಂತ ಗಮನಿಸಿ. ಆಳ ಎಷ್ಟು ಅಂತ ಅಂಚಲ್ಲಿ ಬರೆದಿರ್ಬೇಕು. ಉಸಿರು ಹಿಡಿಯೋ ಪಂದ್ಯ ಆಡಿಸೋ ಕಡೆ ಸೇರಿಸ್ಲೇಬೇಡಿ. ಜೋರಾಗಿ ಹತ್ತು ಸಲ ಉಸಿರೆಳೆದು ಬಿಟ್ಟು ಮುಳುಗಿದ್ರೆ ಕಾರ್ಬನ್ ಡೈಆಕ್ಸೈಡ್ ಮೊದಲೇ ಕಮ್ಮಿ ಆಗಿರತ್ತೆ, ಉಸಿರು ಬೇಕು ಅನ್ನೋ ಎಚ್ಚರಿಕೆ ಬರೋಕೆ ಮುಂಚೆನೇ ಆಕ್ಸಿಜನ್ ಇಳಿದು ನೀರೊಳಗೇ ಪ್ರಜ್ಞೆ ತಪ್ಪತ್ತೆ, ಚೆನ್ನಾಗಿ ಈಜೋರೂ ಹೀಗೆ ಹೋಗಿದಾರೆ. ಮತ್ತೆ ನಮ್ಮೂರಲ್ಲಿ ಏಪ್ರಿಲ್ ಮೇ ಸಂಜೆ ಗುಡುಗು ಮಳೆ ಇದ್ದಿದ್ದೇ, ಗುಡುಗು ಕೇಳಿದ ಕೂಡ್ಲೇ ಎಲ್ಲರನ್ನೂ ನೀರಿಂದ ಎಬ್ಬಿಸ್ಬೇಕು, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ಇಳಿಸಬಾರದು. ಫೀಸ್ ಕೊಟ್ಟಿದೀವಿ ಕ್ಲಾಸ್ ಮುಗಿಸಿ ಅಂತ ಕೋಚ್ ಜೊತೆ ಜಗಳ ಆಡೋ ಪೇರೆಂಟ್ಸ್ ಇದಾರೆ, ದಯವಿಟ್ಟು ಆಡ್ಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಪೂಲ್ ನಾಲ್ಕೇ ಅಡಿ. ಅಷ್ಟಕ್ಕೆಲ್ಲ ಲೈಫ್‌ಗಾರ್ಡ್ ಯಾಕೆ, ಖರ್ಚು ಜಾಸ್ತಿ, ಪೇರೆಂಟ್ಸ್ ಪಕ್ಕದಲ್ಲೇ ಕೂತಿರ್ತಾರಲ್ಲ ಅಂತ ಕಮಿಟಿಯವರು ಹೇಳ್ತಾರೆ. ಮೀಟಿಂಗಲ್ಲಿ ನಾನೊಬ್ಬನೇ ಬೇಕು ಅಂತಿರೋದು. ಏನು ಹೇಳಿ ಒಪ್ಪಿಸ್ಲಿ? (ವರ್ತೂರು ಕಡೆಯಿಂದ)

ಬಿಡಬೇಡಿ, ನೀವು ಹೇಳ್ತಿರೋದೇ ಸರಿ. ನಾಲ್ಕಡಿ ನೀರು ಅಂದ್ರೆ ಐದು ವರ್ಷದ ಮಗುವಿಗೆ ತಲೆ ಮೇಲಿನ ನೀರು.

ಪೇರೆಂಟ್ಸ್ ಕೂತಿರ್ತಾರೆ ಅನ್ನೋದಕ್ಕೆ ಮೀಟಿಂಗಲ್ಲಿ ಇದನ್ನ ಹೇಳಿ. ಮುಳುಗೋರು ಸಿನಿಮಾದಲ್ಲಿ ತೋರಿಸೋ ಹಾಗೆ ಕೈ ಬೀಸಿ ಕಾಪಾಡಿ ಕಾಪಾಡಿ ಅಂತ ಕೂಗಲ್ಲ. ಬಾಯಿ ನೀರಿಂದ ಮೇಲೆ ಬಂದಾಗ ಉಸಿರು ತಗೊಳ್ಳೋಕೇ ಟೈಮ್ ಇರಲ್ಲ, ಕೂಗೋದೆಲ್ಲಿ ಬಂತು. ಮೈ ನೆಟ್ಟಗೆ ನಿಂತ ಹಾಗಿರತ್ತೆ, ತಲೆ ಹಿಂದಕ್ಕೆ ವಾಲಿರತ್ತೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗ್ತಿರತ್ತೆ, ಕೂದಲು ಕಣ್ಣಿಗೆ ಬಿದ್ರೂ ಸರಿಸ್ಕೊಳ್ಳಲ್ಲ, ಎರಡೂ ಕೈ ಪಕ್ಕದಲ್ಲಿ ನೀರನ್ನ ಕೆಳಗೆ ಒತ್ತುತಾ ಇರತ್ತೆ. ದೂರದಿಂದ ನೋಡಿದ್ರೆ ಮಗು ಆಟ ಆಡ್ತಿದೆ ಅನ್ಸತ್ತೆ. ಇಪ್ಪತ್ತರಿಂದ ಅರವತ್ತು ಸೆಕೆಂಡ್ ಹೀಗಿದ್ದು ಕೆಳಗೆ ಹೋಗಿಬಿಡತ್ತೆ. ಅಷ್ಟರಲ್ಲಿ ಬೆಂಚಲ್ಲಿ ಕೂತವರು ಒಂದು ವಾಟ್ಸಾಪ್ ಮೆಸೇಜ್ ಓದಿ ಮುಗಿಸಿರಲ್ಲ. ಗಲಾಟೆ ಮಾಡ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರೆ ತಕ್ಷಣ ನೋಡ್ಬೇಕು. ಚಿಕ್ಕ ಮಕ್ಕಳ ಜೊತೆ ದೊಡ್ಡವರು ನೀರಲ್ಲೇ, ಕೈಗೆಟುಕೋ ದೂರದಲ್ಲಿ ಇರ್ಬೇಕು. ತೋಳಿಗೆ ಹಾಕೋ ಗಾಳಿ ಫ್ಲೋಟ್ಸ್ ಆಟದ ಸಾಮಾನು, ಅದನ್ನ ನಂಬಿ ಕೂರಬೇಡಿ.

ಲೈಫ್‌ಗಾರ್ಡ್ ಜೊತೆಗೆ ಇನ್ನೂ ಕೆಲವು ಕೇಳಿ. ಪೂಲ್ ಸುತ್ತ ಮಕ್ಕಳಿಗೆ ತೆಗೆಯೋಕಾಗದ ಗೇಟು ಬೇಕು. ತಳದ ಡ್ರೈನ್ ಮೇಲಿನ ಮುಚ್ಚಳ ಗಟ್ಟಿಯಾಗಿ ಕೂತಿರ್ಬೇಕು, ಒಡೆದಿದ್ರೆ ಪಂಪ್ ಎಳೆಯೋ ಜೋರಿಗೆ ಉದ್ದ ಕೂದಲು ಸಿಕ್ಕಾಕ್ಕೊಂಡ್ರೆ ಬಿಡಿಸೋಕಾಗಲ್ಲ. ಕರೆಂಟ್ ವಿಷಯ ಇನ್ನೂ ಮುಖ್ಯ. ನೀರೊಳಗಿನ ಲೈಟು 12 ವೋಲ್ಟಿಂದೇ ಆಗಿರ್ಬೇಕು, ಪಂಪು ಲೈಟು ಎಲ್ಲದಕ್ಕೂ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಇರ್ಬೇಕು, ಅರ್ಥಿಂಗ್ ಸರಿಯಿದ್ಯಾ ಅಂತ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಚೆಕ್ ಮಾಡಿಸಿ ಬರವಣಿಗೆಯಲ್ಲಿ ತಗೊಳ್ಳಿ. ನೀರಲ್ಲಿ ಜುಂ ಅನ್ನಿಸ್ತು ಅಂತ ಯಾರಾದ್ರೂ, ಅದರಲ್ಲೂ ಮಕ್ಕಳು ಹೇಳಿದ್ರೆ ಮೊದಲು ಎಲ್ಲರನ್ನೂ ಆಚೆ ಕರೆದು ಮೇನ್ ಆಫ್ ಮಾಡಿ, ವಿಚಾರಣೆ ಆಮೇಲೆ.

ಯಾರಾದ್ರೂ ಮುಳುಗ್ತಿದ್ರೆ ಈಜು ಬರದವರು ಹಾರಬೇಡಿ, ಇಬ್ಬರೂ ಹೋಗ್ತೀರ. ಅಂಚಲ್ಲಿ ಬೋರಲಾಗಿ ಮಲಗಿ ಕೋಲು, ಟವೆಲ್, ದುಪಟ್ಟಾ ಏನಾದ್ರೂ ಚಾಚಿ, ದೂರ ಇದ್ರೆ ಟ್ಯೂಬ್ ಎಸೀರಿ. ಮೇಲೆ ಎತ್ತಿದ ಮೇಲೆ ಉಸಿರಾಡ್ತಿಲ್ಲ ಅಂದ್ರೆ ಹೊಟ್ಟೆ ಒತ್ತಿ ನೀರು ತೆಗೆಯೋದು, ಕಾಲು ಹಿಡಿದು ತಲೆಕೆಳಗೆ ತೂಗಿಸೋದು, ತಲೆ ಮೇಲೆ ಹೊತ್ತು ತಿರುಗಿಸೋದು, ಇದೊಂದೂ ಮಾಡ್ಬೇಡಿ. ಹೊಟ್ಟೆ ಒತ್ತಿದ್ರೆ ಒಳಗಿರೋದೆಲ್ಲ ವಾಂತಿಯಾಗಿ ಶ್ವಾಸಕೋಶಕ್ಕೇ ಹೋಗತ್ತೆ. ಮುಳುಗಿದವರಿಗೆ ಬೇಕಾಗಿರೋದು ಗಾಳಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ, ಆಮೇಲೆ ಎದೆ ನಡುವೆ 30 ಸಲ ಒತ್ತಿ, ಮತ್ತೆ 2 ಉಸಿರು, ಆಂಬುಲೆನ್ಸ್ ಬರೋವರೆಗೂ ಹೀಗೇ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರ್ಬೇಕು. ಆಕ್ಸಿಜನ್ ಇಲ್ಲದೆ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳೋಕೆ ಶುರುವಾಗತ್ತೆ, ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ನಾಲ್ಕು ನಿಮಿಷಕ್ಕೆ ಯಾವ ಆಂಬುಲೆನ್ಸೂ ಬರೋಕಾಗಲ್ಲ. ಪೂಲ್ ಪಕ್ಕ ಇರೋರೇ ಮಾಡ್ಬೇಕು. ಕಮಿಟಿಯವರಿಗೆ ಹೇಳಿ ಸೆಕ್ಯೂರಿಟಿಯವರನ್ನೂ ಸೇರಿಸಿ ಎಲ್ಲರಿಗೂ ಹೀಗೆ ಉಸಿರು ಕೊಟ್ಟು ಎದೆ ಒತ್ತೋ ಸಿಪಿಆರ್ ಟ್ರೈನಿಂಗ್ ಇಡಿಸಿ. ಜೀವ ಬಂದು ಎದ್ದು ಕೂತ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಲೇಬೇಕು.

ಪ್ರಶ್ನೆ: ನಾನು ತುಮಕೂರು ಕಡೆಯವನು, ಪೀಣ್ಯದಲ್ಲಿ ಕೆಲಸ. ಚಿಕ್ಕವನಿದ್ದಾಗ ಸೊಂಟಕ್ಕೆ ಸೋರೆಬುರುಡೆ ಕಟ್ಕೊಂಡು ಬಾವಿಯಲ್ಲಿ ಕಲಿತಿದ್ದು, ಎಷ್ಟು ಹೊತ್ತು ಬೇಕಾದ್ರೂ ಈಜ್ತೀನಿ. ಇಲ್ಲಿ ಪೂಲಿಗೆ ಸೇರಿದ್ರೆ ಕೋಚ್ ನಿಮ್ಮದು ಈಜೇ ಅಲ್ಲ, ಮರೆತುಬಿಡಿ ಅಂದ್ರು. ಬೇಜಾರಾಯ್ತು. ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಹಾಗೆ ಒದ್ದು ಈಜೋದು) ಮಾಡಿದ್ರೆ ಮಂಡಿ ಒಳಗಡೆ ನೋವು ಬೇರೆ.

ನಿಮ್ಮದು ಈಜೇ, ಯಾರೇನು ಹೇಳಿದ್ರೂ. ಕಾಲಿಗೆ ತಳ ಸಿಗದ ಬಾವಿಯಲ್ಲಿ, ತಣ್ಣಗಿನ ನೀರಲ್ಲಿ, ಹಿಡ್ಕೊಳ್ಳೋಕೆ ಗೋಡೆ ಕಲ್ಲು ಬಿಟ್ರೆ ಏನೂ ಇಲ್ಲದ ಕಡೆ ಭಯ ಇಲ್ಲದೆ ಇರೋದನ್ನ ಕಲಿತಿದೀರ, ಪೂಲಲ್ಲಿ ಒಂದು ವರ್ಷ ಕಲಿತವರಿಗೂ ಅದು ಬರಲ್ಲ. ಅದನ್ನ ಮರೀಬೇಡಿ, ಅದರ ಮೇಲೆ ಹೊಸದು ಸೇರಿಸ್ಕೊಳ್ಳಿ. ಬಾವಿಯಲ್ಲಿ ಎಲ್ಲರೂ ತಲೆ ಮೇಲಿಟ್ಟು ಈಜ್ತಾರೆ, ಸುತ್ತ ಯಾರು ಧುಮುಕ್ತಿದಾರೆ ನೋಡ್ಬೇಕಲ್ಲ. ಪೂಲಲ್ಲಿ ಉದ್ದಕ್ಕೆ ಹೋಗ್ಬೇಕು, ಅದಕ್ಕೆ ಮುಖ ಒಳಗೆ, ಉಸಿರು ಬಿಡೋದು ಮೊದಲನೇ ಪ್ರಶ್ನೆಯಲ್ಲಿ ಬಸವನಗುಡಿಯವರಿಗೆ ಹೇಳಿದ ಹಾಗೇ. ನಿಮಗೆ ಇದು ಬೇಗ ಬರತ್ತೆ.

ಮಂಡಿ ನೋವಿಗೆ ಕಾರಣ ಕಾಲನ್ನ ತುಂಬ ಅಗಲಿಸಿ ಒದೆಯೋದು. ಹಿಮ್ಮಡಿಯನ್ನ ಕುಂಡಿ ಹತ್ರ ತನ್ನಿ, ಮಂಡಿ ಎರಡೂ ಸೊಂಟದಗಲಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ದೂರ ಇರಲಿ, ಪಾದ ಹೊರಕ್ಕೆ ತಿರುಗಿಸಿ ಹಿಂದಕ್ಕೆ ಒದ್ದು ಎರಡೂ ಕಾಲು ಕೂಡಿಸಿ, ಅಲ್ಲೇ ಒಂದು ಕ್ಷಣ ಸುಮ್ಮನೆ ಜಾರ್ಕೊಂಡು ಹೋಗಿ. ಎಳೆ, ಉಸಿರು ತಗೋ, ಒದೆ, ಜಾರು, ಇದೇ ಕ್ರಮ. ಆ ಜಾರೋದನ್ನ ಬಿಟ್ಟು ಬರೀ ಒದೀತಾ ಇದ್ರೆ ಮಂಡಿಗೆ ರೆಸ್ಟೇ ಸಿಗಲ್ಲ. ನೋವು ಹೋಗೋವರೆಗೂ ಬ್ರೆಸ್ಟ್‌ಸ್ಟ್ರೋಕ್ ನಿಲ್ಲಿಸಿ, ಬ್ಯಾಕ್‌ಸ್ಟ್ರೋಕ್ ಕಲೀರಿ. ಅಂಗಾತ ಈಜು ನಿಮಗೆ ಗೊತ್ತೇ ಇರತ್ತೆ, ಹೊಟ್ಟೆ ಮೇಲೆ ಎತ್ತಿ ಕಿವಿ ಮುಳುಗಿಸಿ ಮಲಗಿದ್ರೆ ಅರ್ಧ ಕೆಲಸ ಆಯ್ತು. ಟೋಕಿಯೊ ಒಲಿಂಪಿಕ್ಸಿಗೆ ಹೋದ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅವರದ್ದೂ ಬ್ಯಾಕ್‌ಸ್ಟ್ರೋಕೇ, ಅವರ ವೀಡಿಯೋ ನೋಡಿ, ಕೈ ಎಷ್ಟು ಜೋರಾಗಿ ತಿರುಗಿದ್ರೂ ತಲೆ ಒಂದಿಷ್ಟೂ ಅಲುಗಲ್ಲ. ಗೋಡೆಗೆ 5 ಮೀಟರ್ ಮುಂಚೆ ಮೇಲೆ ಬಾವುಟದ ಹಗ್ಗ ಕಟ್ಟಿರ್ತಾರೆ, ಅದು ಕಂಡಮೇಲೆ ಎಷ್ಟು ಕೈ ಹಾಕಿದ್ರೆ ಗೋಡೆ ಸಿಗತ್ತೆ ಅಂತ ಎಣಿಸಿಟ್ಕೊಳ್ಳಿ, ಇಲ್ಲಾಂದ್ರೆ ತಲೆಗೆ ಹೊಡೆಯತ್ತೆ.

ಪ್ರಶ್ನೆ: ವಯಸ್ಸು 61, ಸಕ್ಕರೆ ಕಾಯಿಲೆ ಇದೆ, ಮಂಡಿ ಸವೆದಿದೆ, ತೂಕ 84 ಕೆಜಿ. ಈಜಿದ್ರೆ ತೂಕ ಇಳಿಯತ್ತಾ? ಈಜು ಬರಲ್ಲ. (ಮಲ್ಲೇಶ್ವರ)

ಮೊದಲು ಡಾಕ್ಟರ್ ಹತ್ರ ಹೃದಯದ ಚೆಕಪ್ ಮಾಡಿಸ್ಕೊಂಡು ಬನ್ನಿ ಸಾರ್. ಆಮೇಲೆ ನೀರಲ್ಲಿ ನಡೆಯೋದ್ರಿಂದ ಶುರು ಮಾಡಿ. ಎದೆಮಟ್ಟ ನೀರಲ್ಲಿ ನಿಂತ್ರೆ ಮಂಡಿ ಮೇಲೆ ಬೀಳೋ ಭಾರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯತ್ತೆ, ಕುತ್ತಿಗೆವರೆಗೂ ಇದ್ರೆ ಇನ್ನೂ ಕಮ್ಮಿ. ಪಾರ್ಕಲ್ಲಿ ನೋಯೋ ಮಂಡಿ ಇಲ್ಲಿ ಅಷ್ಟು ನೋಯಲ್ಲ, ಆದ್ರೆ ನೀರು ತಳ್ಕೊಂಡು ನಡೀಬೇಕಾದ್ರಿಂದ ಕಸರತ್ತು ಚೆನ್ನಾಗೇ ಆಗತ್ತೆ.

ತೂಕದ ವಿಷಯ ನೇರವಾಗಿ ಹೇಳ್ತೀನಿ. 70 ಕೆಜಿ ಇರೋರು ಅರ್ಧ ಗಂಟೆ ಮಧ್ಯಮ ವೇಗದಲ್ಲಿ ಈಜಿದ್ರೆ ಖರ್ಚಾಗೋದು 200 ಕ್ಯಾಲರಿ ಆಸುಪಾಸು. ನೀರಿಂದ ಎದ್ದಮೇಲೆ ಹಸಿವು ಜೋರು, ಸೀದಾ ದರ್ಶಿನಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದ್ರೆ ಅದಕ್ಕಿಂತ ಜಾಸ್ತಿ ಒಳಗೆ ಹೋಯ್ತು. ತಿಂಡಿ ಕಡೆ ಗಮನ ಇದ್ರೆ ಮಾತ್ರ ತೂಕ ಇಳಿಯತ್ತೆ. ದಮ್ಮು, ನಿದ್ದೆ, ಬೆನ್ನು, ಭುಜ ಇವಕ್ಕೆಲ್ಲ ಲಾಭ ಸಿಕ್ಕೇ ಸಿಗತ್ತೆ. ಸಕ್ಕರೆಗೆ ಮಾತ್ರೆನೋ ಇನ್ಸುಲಿನ್ನೋ ತಗೊಳ್ತಿದ್ರೆ ಖಾಲಿ ಹೊಟ್ಟೆಯಲ್ಲಿ ಇಳೀಬೇಡಿ, ಗ್ಲೂಕೋಸ್ ಪ್ಯಾಕೆಟ್ ಪೂಲ್ ಅಂಚಲ್ಲೇ ಇಟ್ಟಿರಿ, ಕೋಚಿಗೆ ಮೊದಲೇ ಹೇಳಿರಿ. ಶುಗರ್ ಇಳಿದಾಗ ಬರೋ ಬೆವರು ನೀರಲ್ಲಿ ಗೊತ್ತಾಗಲ್ಲ. ಬರಿಗಾಲಲ್ಲಿ ಓಡಾಡ್ಬೇಡಿ, ಪಾದಕ್ಕೆ ಗಾಯ ಆಗಿದ್ಯಾ ಅಂತ ದಿನಾ ನೋಡ್ಕೊಳ್ಳಿ.

ಪ್ರಶ್ನೆ: ಪೀರಿಯಡ್ಸ್ ಟೈಮಲ್ಲಿ ಕ್ಲಾಸ್ ಬಿಡ್ಬೇಕಾ? ಲೆಗ್ಗಿಂಗ್ಸ್, ಟೀ ಶರ್ಟ್ ಹಾಕ್ಕೊಂಡು ಇಳಿದ್ರೆ ಯಾಕೆ ಬಿಡಲ್ಲ? (ಕಾಲೇಜು ವಿದ್ಯಾರ್ಥಿನಿ, ಯಲಹಂಕ)

ಬಿಡ್ಬೇಕಾಗಿಲ್ಲ. ಒಳಗೆ ಇಟ್ಕೊಳ್ಳೋ ಮೆನ್‌ಸ್ಟ್ರುವಲ್ ಕಪ್ ಅಥವಾ ಟ್ಯಾಂಪೂನ್ ಹಾಕ್ಕೊಂಡ್ರೆ ಆರಾಮಾಗಿ ಈಜಬಹುದು, ಪ್ಯಾಡ್ ನೀರು ಹೀರೋದ್ರಿಂದ ಆಗಲ್ಲ. ನೋವಿದ್ರೆ ರೆಸ್ಟ್ ತಗೊಳ್ಳಿ, ಅದು ನಿಮಗೆ ಬಿಟ್ಟಿದ್ದು. ಕಾಟನ್ ಬಟ್ಟೆ ನೀರು ಕುಡಿದು ಭಾರ ಆಗಿ ಕೈ ಕಾಲಿಗೆ ಸುತ್ಕೊಳ್ಳತ್ತೆ, ನೂಲು ಫಿಲ್ಟರಿಗೆ ಹೋಗತ್ತೆ, ಅದಕ್ಕೇ ಬೇಡ ಅನ್ನೋದು. ಮೈ ಮುಚ್ಚೋ ಹಾಗೆ ಬೇಕು ಅಂದ್ರೆ ಮೊಣಕಾಲು, ಮಣಿಕಟ್ಟಿನವರೆಗೂ ಬರೋ ನೈಲಾನ್ ಲೈಕ್ರಾ ಕಾಸ್ಟ್ಯೂಮ್ ಸಿಗತ್ತೆ.

ಪ್ರಶ್ನೆ: ನಮ್ಮ ಪೂಲಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯತ್ತೆ, ಕಣ್ಣು ಕೆಂಪಗಾಗತ್ತೆ. ಕ್ಲೋರಿನ್ ಜಾಸ್ತಿ ಹಾಕ್ತಾರೆ ಅಂತ ಅರ್ಥ ಅಲ್ವಾ? ನೀರಿಗೆ ಇಷ್ಟು ತೊಂದ್ರೆ ಇರೋ ಊರಲ್ಲಿ ಪೂಲ್ ನೀರನ್ನ ದಿನಾ ಚೆಲ್ತಾರಾ? (ರಾಜಾಜಿನಗರ)

ದಿನಾ ಚೆಲ್ಲಲ್ಲ. 25 ಮೀಟರ್ ಪೂಲಲ್ಲೇ ನಾಲ್ಕೈದು ಲಕ್ಷ ಲೀಟರ್ ಇರತ್ತೆ, 50 ಮೀಟರಿನ ಒಲಿಂಪಿಕ್ ಪೂಲಲ್ಲಿ 25 ಲಕ್ಷ. ಅದೇ ನೀರನ್ನ ಫಿಲ್ಟರ್ ಮಾಡಿ ಸುತ್ತಿಸ್ತಾ ಇರ್ತಾರೆ, ಆವಿಯಾಗಿದ್ದು ಮತ್ತೆ ಫಿಲ್ಟರ್ ತೊಳೆಯೋಕೆ ಹೋಗಿದ್ದನ್ನ ಮಾತ್ರ ತುಂಬಿಸ್ತಾರೆ. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿಯವರು ಕುಡಿಯೋ ನೀರನ್ನ ಈಜುಕೊಳಕ್ಕೆ ಹಾಕಬಾರದು, ಹಾಕಿದ್ರೆ 5000 ರೂಪಾಯಿ ದಂಡ ಅಂತ ಮಾಡಿದ್ರು, ಅದು ಸರಿಯಾದ ಕೆಲಸವೇ.

ವಾಸನೆ ಹೊಡೆಯೋದು ಜಾಸ್ತಿ ಕ್ಲೋರಿನ್‌ನಿಂದ ಅಂತ ಎಲ್ಲರೂ ಅಂದ್ಕೊಳ್ತಾರೆ. ಬೆವರು, ಉಚ್ಚೆ, ಮೈಗೆ ಹಚ್ಚಿದ ಎಣ್ಣೆ ಕ್ರೀಮು ಇವೆಲ್ಲ ಕ್ಲೋರಿನ್ ಜೊತೆ ಸೇರಿ ಆಗೋ ಕ್ಲೋರಮೈನ್ ವಾಸನೆ ಅದು, ಕಣ್ಣು ಉರಿಯೋದೂ ಅದರಿಂದಲೇ. ಅಂದ್ರೆ ನೀರು ಗಲೀಜಾಗಿದೆ, ಕೆಲಸ ಮಾಡೋ ಕ್ಲೋರಿನ್ ಸಾಲ್ತಿಲ್ಲ ಅಂತ ಅರ್ಥ. ಇಳಿಯೋಕೆ ಮುಂಚೆ ಸೋಪು ಹಚ್ಚಿ ಶವರ್ ಮಾಡಿ ಅನ್ನೋದು ಇದಕ್ಕೇ, ಕೂದಲಿಗೂ ಒಳ್ಳೇದು, ಮೊದಲೇ ಒಳ್ಳೆ ನೀರು ಕುಡಿದಿರೋ ಕೂದಲು ಪೂಲ್ ನೀರು ಜಾಸ್ತಿ ಹೀರಲ್ಲ. ಮಕ್ಕಳನ್ನ ಇಳಿಸೋಕೆ ಮುಂಚೆ ಟಾಯ್ಲೆಟ್ಟಿಗೆ ಕರ್ಕೊಂಡು ಹೋಗಿ. ಫ್ರೀ ಕ್ಲೋರಿನ್, ಅಂದ್ರೆ ಇನ್ನೂ ಕೆಲಸ ಮಾಡೋ ಕ್ಲೋರಿನ್, 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಅಷ್ಟು ಭಾಗ), ನೀರಿನ ಹುಳಿ ಕ್ಷಾರ ಅಳೆಯೋ ಪಿಎಚ್ 7.2ರಿಂದ 7.8ರೊಳಗೆ ಇರ್ಬೇಕು, ಚೆನ್ನಾಗಿ ನೋಡ್ಕೊಳ್ಳೋ ಪೂಲುಗಳಲ್ಲಿ ದಿನಾ ಟೆಸ್ಟ್ ಮಾಡಿ ಬೋರ್ಡಿನ ಮೇಲೆ ಬರೆದಿರ್ತಾರೆ. ನಿಮ್ಮ ಪೂಲಲ್ಲಿ ಆ ಬೋರ್ಡ್ ಇಲ್ಲಾಂದ್ರೆ ಇವತ್ತಿನ ರೀಡಿಂಗ್ ಎಷ್ಟು ಅಂತ ಕೇಳಿ. ನೀರು ಮಬ್ಬಾಗಿ ಡೀಪ್ ಎಂಡಿನ ತಳ ಕಾಣ್ತಿಲ್ಲ ಅಂದ್ರೆ ಅವತ್ತು ಇಳೀಲೇಬೇಡಿ, ಕೆಳಗೆ ಯಾರಾದ್ರೂ ಬಿದ್ದಿದ್ರೂ ಲೈಫ್‌ಗಾರ್ಡಿಗೆ ಕಾಣಲ್ಲ.